ಮುಂಬಯಿಯ ಫೋರ್ಟ್ ಸುತ್ತಲಿನ ಹಳೇ ಗಲ್ಲಿಗಳು: ನಡೆದು ನೋಡಿದವರು ಅನುಭವ ಹೇಳಿ

ಡೊಂಬಿವಲಿ ಸೊಸೆ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಗೇಟ್‌ವೇ, ಮರೀನ್ ಡ್ರೈವ್ ಹೋದ ಸಲವೇ ಆಯ್ತು. ಈ ಸಲ ಅಪ್ಪನಿಗೆ ಫೋರ್ಟ್ ಸುತ್ತಮುತ್ತಲ ಹಳೇ ಕೇರಿಗಳನ್ನು ನೋಡಬೇಕಂತೆ. ಬೋರಾ ಬಜಾರ್, ಮಸ್ಜಿದ್ ಬಂದರ್, ಗಿರಗಾಂವ್, ಮಜಗಾಂವ್ ಕಡೆ. ದುಡ್ಡು ಕೊಟ್ಟು ಗೈಡ್ ಜೊತೆ ಹೋಗುವುದೋ, ನಾವೇ ಸುತ್ತುವುದೋ? ಅಮ್ಮನಿಗೆ ಮಂಡಿನೋವು. ಒಂದು ತಾಸಿಗಿಂತ ಜಾಸ್ತಿ ನಡೆಯೋಕೆ ಆಗಲ್ಲ.

ಮುಲುಂಡ್ ಚೆಕ್‌ನಾಕಾ
ದಯವಿಟ್ಟು ಗೈಡ್ ಗೀಡ್ ಅಂತ ಹೋಗಬೇಡಿ. ನಮಗೆ ಆಗಿದ್ದು ಕೇಳಿ. ಕಳೆದ ಜುಲೈನಲ್ಲಿ ಮನೆಯವರು ನಾಲ್ಕು ಜನ ಹೋದೆವು. ತಲೆಗೆ 1,200ರಂತೆ 4,800 ಮೊದಲೇ ಕಟ್ಟಿಸಿಕೊಂಡರು. ಬೆಳಿಗ್ಗೆ 8ಕ್ಕೆ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ನಿಂತಿರಿ ಅಂದರು, ಗೈಡ್ ಬಂದದ್ದು 8.40ಕ್ಕೆ. ಫೋರ್ಟ್ ಅನ್ನುವ ಹೆಸರಿಗೆ ಕಾರಣವಾದ ಹಳೇ ಕೋಟೆಗೆ ಅಪೊಲೊ, ಚರ್ಚ್, ಬಜಾರ್ ಅಂತ ಮೂರು ಬಾಗಿಲಿತ್ತು, 1860ರ ದಶಕದಲ್ಲಿ ಗೋಡೆ ಕೆಡವಿದರು ಅಂದ. ಅದು ನನಗೆ ಮೊದಲೇ ಗೊತ್ತಿತ್ತು. ಬಜಾರ್‌ಗೇಟ್ ರಸ್ತೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. "ಮಸ್ಜಿದ್ ಕಡೆ ನೀರು ನಿಂತಿರುತ್ತೆ, ಇವತ್ತಿಗೆ ಸಾಕು" ಅಂತ ಹೇಳಿ ಕೈ ತೊಳೆದುಕೊಂಡ. ಅರ್ಧ ದುಡ್ಡು ವಾಪಸ್ ಕೇಳಿದ್ದಕ್ಕೆ ಮಳೆಗೆ ನಾವು ಹೊಣೆಯಲ್ಲ ಅಂತ ಮೆಸೇಜ್ ಬಂತು. ಆಮೇಲೆ ಊಟಕ್ಕೆ 1,140. ದಾದರ್‌ವರೆಗೆ ಟ್ಯಾಕ್ಸಿ 260. ಮಗಳ ಚಪ್ಪಲಿ ಬಾರು ಕಿತ್ತುಹೋಗಿ ಹೊಲಿಸಲು 80. ಒಟ್ಟು 6,280 ರೂಪಾಯಿ, ನೋಡಿದ್ದು ಒಂದು ರಸ್ತೆ! ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಸಂಡೇ ನಡಿಗೆ
ಜುಲೈನಲ್ಲಿ ಮುಂಬಯಿಯ ಗಲ್ಲಿ ಸುತ್ತಲು ಯಾರಾದರೂ ಹೋಗ್ತಾರಾ ಸರ್? ನಾನು ಮೂರು ವರ್ಷದಲ್ಲಿ ಹನ್ನೊಂದು ನಡಿಗೆಗೆ ಹೋಗಿದ್ದೇನೆ, ಎಲ್ಲವೂ ನವೆಂಬರ್‌ನಿಂದ ಫೆಬ್ರವರಿ ಒಳಗೆ. ಒಂದಕ್ಕೂ ಬೇಸರ ಪಟ್ಟಿಲ್ಲ.

ಮಸ್ಜಿದ್ ಸ್ಟೇಷನ್ ಹತ್ತಿರ ಸ್ಯಾಮ್ಯುಯೆಲ್ ಸ್ಟ್ರೀಟ್ ಇದೆ. ಅಲ್ಲಿ ಬೆನೆ ಇಸ್ರೇಲ್ ಯಹೂದಿಗಳ ಹಳೇ ಪ್ರಾರ್ಥನಾ ಮಂದಿರ ಇದೆ, ಮೊದಲು ಕಟ್ಟಿಸಿದ್ದು 1796ರಲ್ಲಿ. ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್, ಕಂಪನಿ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ, ಬಿಡುಗಡೆಯಾಗಿ ಬಂದ ಮೇಲೆ ಹರಕೆ ತೀರಿಸಿದ ಹಾಗೆ ಇದನ್ನು ಕಟ್ಟಿಸಿದರಂತೆ. ನಮ್ಮೂರು ಶ್ರೀರಂಗಪಟ್ಟಣದಿಂದ ಎಂಟು ಕಿಲೋಮೀಟರ್. ಆ ಬಾಗಿಲ ಮುಂದೆ ನಿಂತಾಗ ಮೈ ಜುಮ್ಮೆಂದಿತು. ಎರಡೂ ಕಡೆ ಕೈಗಾಡಿ, ಮೂಟೆ ಹೊತ್ತವರ ಕೂಗು. ಗೈಡ್ ಇಲ್ಲದಿದ್ದರೆ ಆ ಬಾಗಿಲನ್ನು ನಾನು ದಾಟಿಯೇ ಹೋಗುತ್ತಿದ್ದೆ. ಆ ಸ್ಟೇಷನ್‌ಗೆ ಮಸ್ಜಿದ್ ಅಂತ ಹೆಸರು ಬಂದದ್ದೂ ಇದೇ ಮಂದಿರದಿಂದ.

ಮುಲುಂಡ್ ಚೆಕ್‌ನಾಕಾ
ಇದೇ ನೋಡಿ ಗೈಡ್ ಕಥೆ ಅಂದರೆ. ಮಸ್ಜಿದ್ ಬಂದರಿನ ಒಣಹಣ್ಣಿನ ಗಾಲಾದಲ್ಲಿ (ಅಂಗಡಿಯಲ್ಲಿ) ನಾನು 18 ವರ್ಷ ಲೆಕ್ಕ ಬರೆದವನು. ಸುತ್ತ ಅಷ್ಟು ಮಸೀದಿ ಇರುವಾಗ ಹೆಸರು ಯಹೂದಿಗಳಿಂದ ಯಾಕೆ ಬರುತ್ತೆ? ಒಬ್ಬ ಸೇಠ್ ಬಾಯಲ್ಲೂ ನಾನು ಈ ಮಾತು ಕೇಳಿಲ್ಲ.

ಸಂಡೇ ನಡಿಗೆ
ಸೇಠ್‌ಗಳನ್ನು ಕೇಳಿದರೆ ಬಾದಾಮಿ ರೇಟು ಹೇಳುತ್ತಾರೆ ಸರ್. ಬೆನೆ ಇಸ್ರೇಲಿಗಳು ತಮ್ಮ ಮಂದಿರವನ್ನು ಮಸೀದಿ ಅಂತಲೇ ಕರೆಯುತ್ತಿದ್ದರು. ಇದನ್ನು ಜೂನಿ ಮಸ್ಜಿದ್, ಅಂದರೆ ಹಳೇ ಮಸೀದಿ, ಅನ್ನುತ್ತಿದ್ದರು. ಅವರ ಮನೆಮಾತು ಮರಾಠಿ. ಹದಿನೆಂಟು ವರ್ಷ ಅದೇ ಬೀದಿಯಲ್ಲಿ ಓಡಾಡಿ ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ ಅಂದರೆ ತಪ್ಪು ಗೈಡ್‌ದಾ?

ಮುಲುಂಡ್ ಚೆಕ್‌ನಾಕಾ
ಹೊಟ್ಟೆಪಾಡಿಗೆ ಹೋಗುವವನು ಕತ್ತು ಬಗ್ಗಿಸಿಕೊಂಡೇ ಹೋಗಬೇಕು ಸ್ವಾಮಿ. ಭಾನುವಾರ ಕ್ಯಾಮೆರಾ ಹಿಡಿದು ಬರುವವರಿಗೆ ಅದು ತಿಳಿಯಲ್ಲ.

ಗಿರಗಾಂವ್ ಮನೆಮಗಳು
ಕ್ಯಾಮೆರಾ ಅಂದಿರಲ್ಲ, ನನಗೂ ಹೇಳುವುದಿದೆ. ಗಿರಗಾಂವ್‌ನ ಖೋತಾಚಿ ವಾಡಿ ಅನ್ನುವ ಹಳೇ ಕೇರಿಗೆ ಅಂಟಿಕೊಂಡ ಚಾಳಿನಲ್ಲಿ ನಮ್ಮ ಮನೆ. ಮದುವೆಯಾಗಿ ಧಾರವಾಡದಿಂದ ಬಂದು 22 ವರ್ಷ. ವಾಡಿಯಲ್ಲಿ ನನ್ನ ಗೆಳತಿಯ ಮನೆ ಇದೆ. ಮರದ ಮೆಟ್ಟಿಲು, ಮುಂದೆ ಜಗಲಿ, ಹಳೇ ಪೋರ್ಚುಗೀಸ್ ನಮೂನೆ. ಮೇ ತಿಂಗಳಲ್ಲಿ ನಾವಿಬ್ಬರೂ ಸೇರಿ ಎರಡು ಕಿಲೋ ಸಾಬೂದಾಣಿ ಸಂಡಿಗೆ ಇಟ್ಟಿದ್ದೆವು. ಬೆಳಗಿನ ನಾಲ್ಕಕ್ಕೆ ಎದ್ದು ಬೇಯಿಸಿದ್ದು. ಒಂಬತ್ತಕ್ಕೆ ಒಂದು ತಂಡ ಬಂತು, 25 ಜನ. ಒಬ್ಬ ಮಹಾಶಯ ಫೋಟೋಗೆಂದು ಜಗಲಿ ಹತ್ತಿ ಹಿಂದೆ ಹಿಂದೆ ಸರಿದ. ಕಾಲಿನಡಿ ಸಂಡಿಗೆ ಹಾಳೆ, ಪಕ್ಕದಲ್ಲಿ ತುಳಸಿ ಕುಂಡ. ಎರಡೂ ಹೋದವು. ಫೋಟೋ ತೆಗೆಯಬೇಡಿ ಅಂತ ಗೋಡೆ ಮೇಲೆ ಬರೆದೇ ಇದೆ. "ಸಾರಿ ಆಂಟಿ" ಅಂದು ನಗುತ್ತಾ ಹೋದರು. ಹೊಸ ಕುಂಡಕ್ಕೆ 350 ಕೊಟ್ಟೆವು. ಗೆಳತಿಯ ಅತ್ತೆ ಇಟ್ಟಿದ್ದ ತುಳಸಿಗೆ ಎಷ್ಟು ಕೊಡೋಣ ಹೇಳಿ.

ಬನ್ನಿ, ಯಾರೂ ಬೇಡ ಅನ್ನಲ್ಲ. ಆದರೆ ಇಬ್ಬರು ಮೂವರಾಗಿ ಬನ್ನಿ. ಅದು ಜನ ಬದುಕುವ ಮನೆ.

ಸಂಡೇ ನಡಿಗೆ
ಮೇಡಂ, ಅವರು ಮಾಡಿದ್ದು ತಪ್ಪೇ. ಆದರೆ ನಮ್ಮ ತಂಡದಲ್ಲಿ 12ಕ್ಕಿಂತ ಜಾಸ್ತಿ ಜನರನ್ನು ಸೇರಿಸಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗಿರಗಾಂವ್ ಮನೆಮಗಳು
ಹನ್ನೆರಡು ಜನಕ್ಕೆ ಇಪ್ಪತ್ನಾಲ್ಕು ಕಾಲು ಅಲ್ವಾ ರೀ?

ವಾಶಿ ವನಜ
ನನ್ನದು ಹಳೇ ಸಾಮಾನು ಮಾರುವ ಚೋರ್ ಬಜಾರ್ ಕಥೆ. ಮಟನ್ ಸ್ಟ್ರೀಟ್‌ನಲ್ಲಿ ಒಂದು ತೂಗುದೀಪ ನೋಡಿದೆ. ಶುದ್ಧ ಹಿತ್ತಾಳೆ, ಹಳೇದು ಅಂದ. 6,500 ಹೇಳಿದ, ಮುಕ್ಕಾಲು ಗಂಟೆ ಚೌಕಾಸಿ ಮಾಡಿ 3,800ಕ್ಕೆ ತಂದೆ. ಮನೆಗೆ ಬಂದು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಳದಿ ಬಣ್ಣ ಸಿಪ್ಪೆಯ ಹಾಗೆ ಎದ್ದುಬಂತು. ಫ್ರಿಜ್ ಮೇಲಿನ ಆಯಸ್ಕಾಂತ ಹಿಡಿದು ನೋಡಿದೆ, ಟಕ್ಕಂತ ಅಂಟಿಕೊಂಡಿತು. ಕಬ್ಬಿಣ! ಜಗಳಕ್ಕೆ ಹೋದದ್ದು ಶುಕ್ರವಾರ. ಅವತ್ತು ಅಂಗಡಿಗಳಿಗೆ ರಜೆ, ರಸ್ತೆಯಲ್ಲಿ ಬರೀ ಜುಮ್ಮಾ ಬಜಾರ್, ಅಂದರೆ ಶುಕ್ರವಾರದ ಸಂತೆಯ, ಸಾಮಾನು. ವಾಶಿಯಿಂದ ಹೋಗಿ ಬರುವ ಖರ್ಚು ಬೇರೆ. ಹಿತ್ತಾಳೆ ಕೊಳ್ಳುವವರು ಚೀಲದಲ್ಲಿ ಒಂದು ಆಯಸ್ಕಾಂತ ಇಟ್ಟುಕೊಳ್ಳಿ.

ಮಜಗಾಂವ್ ಕ್ವಾರ್ಟರ್ಸ್
ಮಜಗಾಂವ್ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಭಂಡಾರವಾಡಾ ಗುಡ್ಡದ ಮೇಲೆ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನ ಇದೆ. ಬ್ಯಾಪ್ಟಿಸ್ಟಾ ಅಂದರೆ ತಿಲಕರ ಜೊತೆ ಹೋಂ ರೂಲ್ ಚಳವಳಿಯಲ್ಲಿ ಇದ್ದವರು, ಜನ ಕಾಕಾ ಅನ್ನುತ್ತಿದ್ದರು. ಮೇಲಿನಿಂದ ಇಡೀ ಡಾಕ್, ಅಂದರೆ ಹಡಗುಕಟ್ಟೆ, ಕಾಣುತ್ತದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿಯಿತು. ಅದರಲ್ಲಿ ಹತ್ತಿ, ಮದ್ದುಗುಂಡು, ಚಿನ್ನದ ಗಟ್ಟಿ ಎಲ್ಲ ಒಟ್ಟಿಗೆ ಇತ್ತು. ನಮ್ಮಜ್ಜ ಆಗ ಮಾಂಡವಿಯ ಒಂದು ಖಾನಾವಳಿಯಲ್ಲಿ ಸಾರು ಬಡಿಸುತ್ತಿದ್ದರು. ಸದ್ದಿಗೆ ಕೈಯಲ್ಲಿದ್ದ ಬಕೆಟ್ ಬಿದ್ದು ಪಾದ ಸುಟ್ಟಿತು. ಆ ಕಲೆ ಸಾಯುವವರೆಗೂ ಇತ್ತು. ಏಪ್ರಿಲ್ 14 ಬಂದರೆ ಅಜ್ಜ ಅವತ್ತು ಸಾರು ಮುಟ್ಟುತ್ತಿರಲಿಲ್ಲ.

ಕುಂದಾಪ್ರದವ
ಬೋರಾ ಬಜಾರ್ ನೋಡಲು ಟಿಕೆಟ್ಟಾ ಮಾರಾಯ್ರೆ? ನಾನು ಅಲ್ಲಿಗೆ ಬಂದದ್ದು 1979ರಲ್ಲಿ, 14 ವರ್ಷ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ತಿಂಗಳಿಗೆ 45 ರೂಪಾಯಿ, ಊಟ, ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೇ ನಿದ್ದೆ. ಏಳು ಗಂಟೆಗೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಟ. ಎಸ್‌ಎಸ್‌ಸಿ ಅಲ್ಲೇ ಪಾಸು ಮಾಡಿದೆ.

ನಿಮ್ಮ ಅಪ್ಪ ನೋಡಬೇಕಾದ್ದು ಆ ಕಟ್ಟಡಗಳ ಮರದ ಮೆಟ್ಟಿಲು. ಏಣಿಯಷ್ಟೇ ಕಡಿದು. ಹಿಡಿಯಲು ಕಟಾಂಜನ ಇಲ್ಲ. ಮೇಲಿನಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟಿರುತ್ತಾರೆ. ಎಷ್ಟೋ ಕೈ ಹಿಡಿದು ಹಿಡಿದು ಹಗ್ಗ ಕಪ್ಪಾಗಿ, ನಡುವೆ ಸವೆದು, ಎಣ್ಣೆ ಹಚ್ಚಿದ ಹಾಗೆ ನುಣ್ಣಗಿರುತ್ತದೆ. ಹಾಲಿನ ಕ್ಯಾನು ಒಂದು ಕೈಯಲ್ಲಿ, ಹಗ್ಗ ಇನ್ನೊಂದು ಕೈಯಲ್ಲಿ, ನಾಲ್ಕು ಮಾಳಿಗೆ ಹತ್ತಿದವನು ನಾನು. ಹೋದ ವರ್ಷ ಮಗನಿಗೆ ತೋರಿಸಲು ಹೋದೆ. ಕಟ್ಟಡಕ್ಕೆ ಕಬ್ಬಿಣದ ಊರೆ ಕೊಟ್ಟು ನಿಲ್ಲಿಸಿದ್ದಾರೆ. ಹಗ್ಗ ಮಾತ್ರ ಅದೇ ಜಾಗದಲ್ಲಿತ್ತು. ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ.

ವಾಶಿ ವನಜ
ಊಟ ಮಾತ್ರ ಫೋರ್ಟ್‌ನಲ್ಲಿ ಬೇಡ, ಮಾಟುಂಗಾಕ್ಕೆ ಹೋಗಿ. ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕ್ ಬೋರ್ಡಿಂಗ್, 1942ರಿಂದ ಇದೆ. ಬಾಳೆ ಎಲೆ ಊಟ.

ಕುಂದಾಪ್ರದವ
ಅಕ್ಕಾ, ಅದು ಒಳ್ಳೆಯ ಊಟವೇ. ಆದರೆ ಫೋರ್ಟ್‌ನಲ್ಲಿ ಊಟ ಬೇಡ ಅನ್ನಬೇಡಿ. ಈ ಊರಿನ ಅರ್ಧ ಆಫೀಸುಗಳಿಗೆ ಇಡ್ಲಿ ಹಾಕಿದ್ದು ನಮ್ಮ ಕೈ. ಉಳಿದಿರುವ ನಾಲ್ಕು ಹೋಟೆಲಿಗೂ ನೀವು ಹೋಗದಿದ್ದರೆ ಅವೂ ಮೊಬೈಲ್ ಕವರ್ ಅಂಗಡಿ ಆಗುತ್ತವೆ.

ಕಾಮತ್ ಮನೆ
ವಾಲ್ಕೇಶ್ವರದ ಬಾಣಗಂಗಾ ಕೆರೆ ಬಿಟ್ಟಿರಲ್ಲ! ವಾಲ್ಕೇಶ್ವರ ದೇವಸ್ಥಾನವನ್ನು 1715ರಲ್ಲಿ ಮತ್ತೆ ಕಟ್ಟಿಸಿದ್ದು ನಮ್ಮ ಸಮಾಜದ ರಾಮ ಕಾಮತ್. ಅದೇ ರಾಮ ಕಾಮತರ ಮೇಲೆ ಇಂಗ್ಲಿಷರು ಮರಾಠಾ ನೌಕಾಪಡೆಯ ಮುಖ್ಯಸ್ಥ ಆಂಗ್ರೆಯ ಕಡೆಯವನು ಅಂತ ರಾಜದ್ರೋಹ ಹೊರಿಸಿ ಆಸ್ತಿ ಕಿತ್ತುಕೊಂಡರು. ಸಾಕ್ಷಿಯ ಕಾಗದ ಸುಳ್ಳು ಅಂತ ತಿಳಿದದ್ದು ಆಮೇಲೆ. ಕೆರೆಗೆ ಇಳಿಯುವುದು ಮೆಟ್ಟಿಲು, ನಿಮ್ಮ ತಾಯಿ ಮೇಲೆ ಕಲ್ಲಿನ ಕಟ್ಟೆ ಮೇಲೆ ಕೂರಬಹುದು.

ಡೊಂಬಿವಲಿ ಸೊಸೆ
ಅಬ್ಬಾ, ಅಮ್ಮನ ಮಂಡಿ ಒಬ್ಬರಿಗಾದರೂ ನೆನಪಾಯ್ತು. ಅಪ್ಪನಿಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಹಗ್ಗದ ಮೆಟ್ಟಿಲು ಮತ್ತು ಸ್ಯಾಮ್ಯುಯೆಲ್ ಸ್ಟ್ರೀಟ್ ಎರಡೂ ಬೇಕಂತೆ. ಗೈಡ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ.

ಮುಲುಂಡ್ ಚೆಕ್‌ನಾಕಾ
4,800 ಉಳಿಸಿ ಅಮ್ಮನಿಗೆ ಟ್ಯಾಕ್ಸಿ ಮಾಡಿ. ಕಾಳಿ ಪೀಳಿ (ಕಪ್ಪು ಹಳದಿ ಟ್ಯಾಕ್ಸಿ) ಮಿನಿಮಮ್ 31 ರೂಪಾಯಿ. ಸ್ಯಾಮ್ಯುಯೆಲ್ ಸ್ಟ್ರೀಟ್ ನಾನೇ ತೋರಿಸುತ್ತೇನೆ, ದುಡ್ಡು ಬೇಡ.

ಸಂಡೇ ನಡಿಗೆ
ಮಂದಿರದ ಬಾಗಿಲು ಎಲ್ಲಿದೆ ಅಂತ ಗೊತ್ತಾ ಸರ್?

ಕುಂದಾಪ್ರದವ
ಸಾಕು ಮಾಡಿ ಇಬ್ಬರೂ. ತಂಗೀ, ಈಗ ಭೂಗತ ಮೆಟ್ರೋ ಬಂದಿದೆ. ಹುತಾತ್ಮ ಚೌಕ, ಸಿಎಸ್‌ಎಂಟಿ, ಕಾಲಬಾದೇವಿ, ಗಿರಗಾಂವ್ ಎಲ್ಲ ಒಂದೇ ಲೈನು, ಲಿಫ್ಟ್ ಇದೆ. ಅಮ್ಮನನ್ನು ಹಾರ್ನಿಮನ್ ಸರ್ಕಲ್ ತೋಟದ ಬೆಂಚಿನಲ್ಲಿ ನೆರಳಿಗೆ ಕೂರಿಸಿ. ಅಲ್ಲಿಂದ ಬೋರಾ ಬಜಾರ್ ದೂರವಿಲ್ಲ. ಅಪ್ಪನನ್ನು ನಾನು ಕರೆದುಕೊಂಡು ಹೋಗಿ ಒಂದು ತಾಸಿನೊಳಗೆ ವಾಪಸ್ ತಂದು ಬಿಡುತ್ತೇನೆ. ಭಾನುವಾರ ಬೇಡ, ಅಂಗಡಿ ಮುಚ್ಚಿರುತ್ತವೆ. ಬರುವ ದಿನ ತಿಳಿಸಿ.