ಅಪ್ಪು ನುಡಿನಮನ: ಎಂತೆಲ್ಲ ನೋಡಿಕೊಳ್ಳಬೇಕು?

ಉರ್ವಸ್ಟೋರ್_ಯುವಕ: ಅಕ್ಟೋಬರ್ 29ಕ್ಕೆ ನಮ್ಮ ಯುವಕ ಮಂಡಲದಿಂದ ಪುನೀತ್ ರಾಜ್‌ಕುಮಾರ್ ಅವರಿಗೆ ನುಡಿನಮನ ಇಡ್ಲಿಕ್ಕುಂಟು. ಶಾಲೆಯ ಬಯಲು, ಸಂಜೆ 6 ಗಂಟೆ, 200 ಜನ. ನೇತ್ರದಾನದ ನೋಂದಣಿಯೂ ಆಗಬೇಕಂತೆ ಹುಡುಗರಿಗೆ. ಗೊತ್ತಿದ್ದವರು ಹೇಳಿ.

ಕಾಪು_ಮೈಕ್: ಬಯಲು ಬೇಡ ಮಾರಾಯ್ರೆ. ಅಕ್ಟೋಬರ್ ಕೊನೆಗೆ ನಮ್ಮಲ್ಲಿ ಸಂಜೆ ಹೊತ್ತಿಗೇ ಗುಡುಗು ಮಳೆ. ಬಟ್ಟೆ ಶಾಮಿಯಾನ ನೀರು ಹಿಡಿದು ಜೋತುಬೀಳ್ತದೆ. ಶಾಲೆಯ ಸಭಾಂಗಣವನ್ನೇ ಕೇಳಿ. ಮೈಕಿಗೆ ಠಾಣೆಯಲ್ಲಿ ಮೊದಲೇ ಅರ್ಜಿ ಕೊಡಿ. ಪಿವಿಸಿ ಫ್ಲೆಕ್ಸ್‌ಗೆ ರಾಜ್ಯದಲ್ಲಿ ನಿಷೇಧ ಉಂಟು, ಬಟ್ಟೆ ಬ್ಯಾನರೇ ಗತಿ. ರಸ್ತೆ ಬದಿಗೆ ಕಟ್ಟುವುದಾದರೆ ಪಾಲಿಕೆಯ ಅನುಮತಿಯೂ ಬೇಕು.

ವಾಟ್ಸ್ಯಾಪ್‌ನಲ್ಲಿ ಬಂದ ಫೋಟೊವನ್ನು 2×3 ಅಡಿಗೆ ಎಳೆದರೆ ಮುಖ ಒಡೆಯುತ್ತದೆ, ಮೂಲ ಫೈಲ್ ಹುಡುಕಿ. ಗಾಜು ಹಾಕಿಸಬೇಡಿ, ಫೋಕಸ್ ಲೈಟು ಹೊಳೆದು ಎದುರು ಕೂತವರಿಗೆ ಫೋಟೊ ಕಾಣುವುದಿಲ್ಲ.

ಒಂದು ನಿಮಿಷದ ಮೌನ ಹೆಚ್ಚಾಗಿ ಕೆಡುವುದು ಮೈಕಿನ ಮೇಜಿನಲ್ಲೇ. ಹಾಡು ಸಣ್ಣಗೆ ಓಡುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸಿ, ಗಡಿಯಾರ ನೋಡಿ "ಕುಳಿತುಕೊಳ್ಳಿ" ಅನ್ನಲಿಕ್ಕೆ ಒಬ್ಬರನ್ನು ಗೊತ್ತುಮಾಡಿ. ಇಲ್ಲದಿದ್ದರೆ 20 ಸೆಕೆಂಡಿಗೇ ಮುಂದಿನ ಸಾಲು ಕೂತುಬಿಡ್ತದೆ. ಮಾತಾಡುವವರು ಐದು ಜನ, ತಲಾ 3 ನಿಮಿಷ. ಅದಕ್ಕಿಂತ ಹೆಚ್ಚಾದರೆ ಅಪ್ಪು ಬಿಟ್ಟು ಬೇರೆಯವರ ಗುಣಗಾನ ಶುರು.

ನೇತ್ರಬಂಧು_ಉಡುಪಿ: ಫಾರ್ಮ್ ತುಂಬಿಸುವುದು ಸುಲಭ. ಆದರೆ ಆಮೇಲೆ ಮನೆಯವರು ಒಪ್ಪದಿದ್ದರೆ ಅದಕ್ಕೆ ಬೆಲೆ ಇಲ್ಲ. ಹಾಗಾಗಿ ಫಾರ್ಮಿಗೆ ಮನೆಯ ಒಬ್ಬರ ಸಹಿ ಹಾಕಿಸಿ, ನೇತ್ರದಾನದ ಕಾರ್ಡು ಎಲ್ಲಿಟ್ಟಿದೆ ಅಂತ ಅವರಿಗೂ ಗೊತ್ತಿರಲಿ. ಹತ್ತಿರದ ವೈದ್ಯಕೀಯ ಕಾಲೇಜಿನ ನೇತ್ರ ಬ್ಯಾಂಕಿನವರನ್ನು ಎರಡು ವಾರ ಮೊದಲೇ ಕರೆಯಿರಿ.

ಸಭೆಯಲ್ಲಿ ಹೇಳಬೇಕಾದ್ದು ಇದು: ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗ, ಒಣಗಬಾರದು. ಅದಕ್ಕೇ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಬಂದ್ ಮಾಡುವುದು. ತಲೆಯಡಿ ದಿಂಬಿಟ್ಟು 6 ಇಂಚು ಎತ್ತರಿಸಿದರೆ ರಕ್ತಸ್ರಾವ ಕಡಿಮೆ. ಅರ್ಧ ಗಂಟೆಯ ಕೆಲಸ, ಮುಖ ವಿಕಾರ ಆಗುವುದಿಲ್ಲ. 2021ರಲ್ಲಿ ಪುನೀತ್ ಅವರ ಕಾರ್ನಿಯಾಗಳ ಪದರ ಬೇರ್ಪಡಿಸಿ ನಾಲ್ವರಿಗೆ ಹಾಕಿದ್ದರು. 2006ರಲ್ಲಿ ಡಾ. ರಾಜ್ ಅವರದ್ದೂ ನೇತ್ರದಾನವೇ.

ಉರ್ವಸ್ಟೋರ್_ಯುವಕ: ಕನ್ನಡಕದವರು, ಶುಗರ್ ಇದ್ದವರು ಕೊಡಬಹುದಾ?

ನೇತ್ರಬಂಧು_ಉಡುಪಿ: ಧಾರಾಳವಾಗಿ. ಬಿಪಿ, ಪೊರೆ ಆಪರೇಷನ್ ಆದವರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್‌ನಂಥ ಕೆಲವು ಕಾಯಿಲೆ ಇದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ.