ಇನ್ಸಾಟ್-1ಬಿ ಶ್ರೀಹರಿಕೋಟೆಯಿಂದ ಹಾರಿತೇ?

ಬದಿಯಡ್ಕದ ಮೇಷ್ಟ್ರು:
ಏಳನೆಯ ತರಗತಿಗೆ ರಸಪ್ರಶ್ನೆ ಬರೆಯುತ್ತಿದ್ದೇನೆ. ಕೈಯಲ್ಲಿರುವ ಹಳೆಯ ಪುಸ್ತಿಕೆ ನಮ್ಮ ಇನ್ಸಾಟ್-1ಬಿ ಉಪಗ್ರಹ ಶ್ರೀಹರಿಕೋಟೆಯಿಂದ ಹಾರಿತು ಎನ್ನುತ್ತದೆ. ಅಲ್ಲ, ಮನುಷ್ಯರೇ ಹೊತ್ತುಕೊಂಡು ಹೋಗಿ ಮೇಲೆ ಬಿಟ್ಟು ಬಂದದ್ದು, ಬಿಟ್ಟವರು ರಾಕೇಶ್ ಶರ್ಮಾ ಎಂದು ಸಹೋದ್ಯೋಗಿಯ ವಾದ. ಯಾವುದು ಸರಿ?

ಪೆರ್ಲದ ಟಿವಿ ರಿಪೇರಿಯವನು:
ಸಹೋದ್ಯೋಗಿಗೆ ಅರ್ಧ ಅಂಕ ಕೊಡಿ, ಪುಸ್ತಿಕೆಗೆ ಸೊನ್ನೆ. ರಾಕೇಶ್ ಶರ್ಮಾ ಹೋದದ್ದು 1984ರ ಏಪ್ರಿಲಿನಲ್ಲಿ, ಸೋವಿಯತ್ ನೌಕೆಯಲ್ಲಿ. ಇನ್ಸಾಟ್-1ಬಿ ಅದಕ್ಕೂ ಮೊದಲೇ, 1983ರ ಆಗಸ್ಟ್ 30ರಂದು, ಫ್ಲೋರಿಡಾದಿಂದ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಶಟಲಿನ ಹೊಟ್ಟೆಯಲ್ಲಿ ಕುಳಿತು ಹೋಯಿತು. ಶಟಲಿನಲ್ಲಿ ಐವರಿದ್ದರು. ಅವರಲ್ಲಿ ಬ್ಲೂಫೋರ್ಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್. ಶಟಲ್ ರಾತ್ರಿ ಹೊತ್ತು ಹಾರಿದ್ದೂ ಅದೇ ಮೊದಲು, ಅದೂ ನಮ್ಮ ಉಪಗ್ರಹದ ದೆಸೆಯಿಂದ. ಅದನ್ನು ಬಿಡಬೇಕಾದ ಜಾಗ, ಹೊತ್ತು ಎರಡೂ ಕೂಡಿಬರಬೇಕಾದರೆ ಕತ್ತಲಲ್ಲೇ ಹೊರಡಬೇಕಿತ್ತು. ಅಲ್ಲಿ ರಾತ್ರಿ ಎರಡೂವರೆ, ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು.

ಮರುದಿನ ಅದನ್ನು ಬುಗುರಿಯಂತೆ ತಿರುಗಿಸಿ ಸ್ಪ್ರಿಂಗಿನಿಂದ ಹೊರಗೆ ತಳ್ಳಿದರು. ಶಟಲ್ ಇದ್ದದ್ದು ಸುಮಾರು 300 ಕಿ.ಮೀ. ಎತ್ತರದಲ್ಲಿ, ಉಪಗ್ರಹ ಸೇರಬೇಕಾದದ್ದು 36,000 ಕಿ.ಮೀ.ಗೆ. ಉಳಿದ ದಾರಿಗೆ ಅದರದೇ ಮೋಟಾರು. ಹೊತ್ತುಕೊಂಡು ಹೋದರು ಎಂದರೆ ಬಸ್ ನಿಲ್ದಾಣದವರೆಗೆ ಬಿಟ್ಟುಕೊಟ್ಟರು ಎಂದಷ್ಟೇ ತಿಳಿಯಿರಿ. ಅಷ್ಟಾಗಿ, ಮೇಲೆ ಹೋದದ್ದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಹಿಂದಿನ ವರ್ಷವಷ್ಟೇ ಇದರ ಅಣ್ಣ ಇನ್ಸಾಟ್-1ಎ ಕೈಕೊಟ್ಟಿತ್ತು. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಯಾರಿಗೆ ನಿದ್ದೆ ಬಂದೀತು? ಸೆಪ್ಟೆಂಬರ್ ನಡುವಿನ ಹೊತ್ತಿಗೆ ಹೇಗೋ ಬಿಚ್ಚಿಕೊಂಡಿತು.

ನಾನು ಈ ಉಪಗ್ರಹದ ಅನ್ನ ಉಂಡವನು. ದೂರದರ್ಶನದ ಕಾರ್ಯಕ್ರಮ ಮರುಪ್ರಸಾರ ಕೇಂದ್ರಗಳಿಗೆ ಇಳಿಯುತ್ತಿದ್ದದ್ದು ಇದರಿಂದ, ನಾನು ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ ಸಂಪಾದಿಸಿದ್ದು ಅದರಿಂದ. ತಂದೆಯವರಿಗೆ ಟಿವಿ ಬೇಡ, ಪತ್ರಿಕೆಯಲ್ಲಿ ಬರುವ ಇನ್ಸಾಟಿನ ಮೋಡದ ಚಿತ್ರ ಬೇಕು. ಅಂಗಳದಲ್ಲಿ ಅಡಿಕೆ ಹರವಿದ ದಿನ ಕನ್ನಡಕ ಹಣೆಗೇರಿಸಿ, ಮಸಿ ಹಿಡಿದ ಆ ಚಿತ್ರದಲ್ಲಿ ಪೆರ್ಲ ಎಲ್ಲಿ ಎಂದು ಹುಡುಕುತ್ತಿದ್ದರು. ಮಂಗಳೂರಿನಿಂದ ಕಣ್ಣೂರಿನವರೆಗಿನ ಕರಾವಳಿಯೆಲ್ಲ ಅವರ ಹೆಬ್ಬೆರಳಿನಡಿ ಮುಚ್ಚಿರುತ್ತಿತ್ತು. ಕೊನೆಗೆ ಪತ್ರಿಕೆ ಮಡಚಿ ಹೊರಗೆ ಬಂದು, ಆಕಾಶ ನೋಡಿ, ಟಾರ್ಪಾಲು ತರಲು ಹೇಳುತ್ತಿದ್ದರು.

ಹೊಸೂರಿನವನು:
ಒಂದು ಸೇರ್ಪಡೆ. 1986ರಲ್ಲಿ ಇನ್ಸಾಟ್-1ಸಿ ಜೊತೆ ಭಾರತೀಯರೊಬ್ಬರೂ ಶಟಲಿನಲ್ಲಿ ಹೋಗುವವರಿದ್ದರು. ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಆಯ್ಕೆಯಾಗಿದ್ದರು. ಆ ವರ್ಷದ ಜನವರಿ 28ರಂದು ಇದೇ ಚಾಲೆಂಜರ್ ಹಾರಿದ 73 ಸೆಕೆಂಡಿಗೆ ಒಡೆದು ಏಳು ಮಂದಿ ತೀರಿಕೊಂಡರು. 1ಸಿ ಕಡೆಗೆ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟಿನಲ್ಲಿ ಹೋಯಿತು.

ಬದಿಯಡ್ಕದ ಮೇಷ್ಟ್ರು:
ಉಪಗ್ರಹವನ್ನು ಎರಡನೆಯ ದಿನವೇ ಬಿಟ್ಟರಲ್ಲ, ಮತ್ತೆ ಆ ಐವರು ಉಳಿದ ದಿನ ಅಲ್ಲಿ ಏನು ಮಾಡಿದರು? ಮಕ್ಕಳು ಮೊದಲು ಕೇಳುವುದು ಇದನ್ನೇ.

ಪೆರ್ಲದ ಟಿವಿ ರಿಪೇರಿಯವನು:
ಇಲಿ ಸಾಕಿದರು! ಆರು ಇಲಿಗಳಿದ್ದವು, ಮುಂದಿನ ಪ್ರಯೋಗಗಳಿಗೆ ಆ ಪಂಜರ ಆದೀತೇ ಎಂದು ನೋಡಲು. ಜೀವಂತ ಕೋಶಗಳನ್ನು ವಿದ್ಯುತ್ತಿನ ಬಲದಿಂದ ಬೇರ್ಪಡಿಸುವ ಯಂತ್ರವೊಂದಿತ್ತು. ತೂಕವಿಲ್ಲದ ಕಡೆ ಆ ಕೆಲಸ ಹೆಚ್ಚು ಚೊಕ್ಕ. ಐವರಲ್ಲೊಬ್ಬರಾದ ಡಾಕ್ಟರ್ ಥಾರ್ನ್‌ಟನ್ ಅವರದು ವಾಕರಿಕೆಯ ಅಧ್ಯಯನ, ಮೇಲೆ ಹೋದವರಿಗೆ ತಲೆ ತಿರುಗಿ ಹೊಟ್ಟೆ ತೊಳಸುವುದೇಕೆ ಎಂದು. ಮೂರು ಮುಕ್ಕಾಲು ಟನ್ನಿಗೂ ಮೀರಿದ ಡಮ್ಮಿಯೊಂದನ್ನು ಯಾಂತ್ರಿಕ ತೋಳಿನಿಂದ ಎತ್ತಿ ಆಡಿಸಿಯೂ ನೋಡಿದರು. ಸೆಪ್ಟೆಂಬರ್ 5ರಂದು ಇಳಿದದ್ದೂ ಕತ್ತಲಲ್ಲೇ. ಜೊತೆಗೆ 2.6 ಲಕ್ಷಕ್ಕೂ ಹೆಚ್ಚು ಅಂಚೆ ಲಕೋಟೆಗಳು ಹೋಗಿ ಬಂದವು, ಸಂಗ್ರಾಹಕರಿಗೆ ಮಾರಲು. ಕೊನೆಯ ಪ್ರಶ್ನೆಯಾಗಿ ಇದನ್ನಿಡಿ.

ಬದಿಯಡ್ಕದ ಮೇಷ್ಟ್ರು:
ಪುಸ್ತಿಕೆಯ ಶ್ರೀಹರಿಕೋಟೆಯನ್ನು ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ. ಸಹೋದ್ಯೋಗಿ ಮಾತ್ರ ಅರ್ಧ ಅಂಕಕ್ಕೆ ಒಪ್ಪುತ್ತಿಲ್ಲ, ಮುಕ್ಕಾಲು ಕೇಳುತ್ತಿದ್ದಾರೆ.