ಲೀಪ್‌ಫ್ರಾಗ್ ಹಾಕಿದರೂ ಶಕ್ತಿ ಜಾರುತ್ತಿದೆ, ಯಾಕೆ?

ಅಂಡಾಕಾರ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಕೆಪ್ಲರ್ ಸಮಸ್ಯೆ, ಸೂರ್ಯನ ಸುತ್ತ ಒಂದೇ ಗ್ರಹ, ಉತ್ಕೇಂದ್ರತೆ 0.9, ಅಂದರೆ ತುಂಬಾ ಉದ್ದನೆಯ ದೀರ್ಘವೃತ್ತ. ಸಣ್ಣ ಕಾಲ-ಹಂತಗಳಲ್ಲಿ ವೇಗ, ಜಾಗ ಎರಡನ್ನೂ ಸರದಿಯಂತೆ ಲೆಕ್ಕಹಾಕುವ ಲೀಪ್‌ಫ್ರಾಗ್ ವಿಧಾನ ಸಿಂಪ್ಲೆಕ್ಟಿಕ್ (ಚಲನೆಯ ಜ್ಯಾಮಿತಿಯನ್ನು ಕಾಯುವಂಥದ್ದು), ಶಕ್ತಿ ಜಾರುವುದಿಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ. ನನ್ನದು ಪ್ರತಿ ಸುತ್ತಿಗೂ ಒಂದೇ ದಿಕ್ಕಿಗೆ ಜಾರುತ್ತಿದೆ. ಕೋಡ್ ಇಪ್ಪತ್ತು ಸಲ ನೋಡಿದೆ, ಸರಿಯಾಗಿಯೇ ಇದೆ.

ಬಿಟ್‌ಬಸವ: 32 ಬಿಟ್‌ನ ಫ್ಲೋಟ್ ಸಂಖ್ಯೆ ತಾನೇ? ಏಳು ಅಂಕಿ ಮೇಲೆ ನಂಬಬೇಡಿ. 64 ಬಿಟ್‌ನ ಡಬಲ್‌ಗೆ ಹೋಗಿ.

ಅಂಡಾಕಾರ: ಡಬಲ್ಲೇ ಇರುವುದು.

ಬಿಟ್‌ಬಸವ: ಹಾಗಾದರೆ ಕೂಡುವಾಗ ದೋಷ ಸೇರಿಕೊಳ್ಳುತ್ತಿದೆ. ಉದುರಿದ ಅಂಕಿಯನ್ನು ನೆನಪಿಟ್ಟು ಮುಂದಿನ ಮೊತ್ತಕ್ಕೆ ಸೇರಿಸುವ ಕಹಾನ್ ವಿಧಾನದಲ್ಲಿ ಕೂಡಿಸಿ.

ನೋಥರ್‌ಅಭಿಮಾನಿ: ಕೋನೀಯ ಸಂವೇಗ ಏನಾಗುತ್ತಿದೆ?

ಅಂಡಾಕಾರ: ಅದು ಅಲ್ಲಾಡುತ್ತಲೇ ಇಲ್ಲ. 13 ಅಂಕಿವರೆಗೂ ಹಾಗೇ ಇದೆ.

ನೋಥರ್‌ಅಭಿಮಾನಿ: ಹಾಗಾದರೆ ಅಂಕಿ ಉದುರುವ ಕಥೆ ಬಿಡಿ. ಕಿಕ್ (ವೇಗ ಬದಲಿಸುವ ಹೆಜ್ಜೆ) ಕೇಂದ್ರದ ಕಡೆಗೆ, ಡ್ರಿಫ್ಟ್ (ಜಾಗ ಬದಲಿಸುವ ಹೆಜ್ಜೆ) ಸಂವೇಗದ ದಿಕ್ಕಿಗೆ. ಎರಡೂ ಕೋನೀಯ ಸಂವೇಗವನ್ನು ಮುಟ್ಟುವುದಿಲ್ಲ. ತಿರುಗುವ ಸಮಮಿತಿ ಕೆಟ್ಟಿಲ್ಲ, ಸಿಂಪ್ಲೆಕ್ಟಿಕ್ ರಚನೆ ಕೆಟ್ಟಿರಬೇಕು. ಹಂತದ ಅಳತೆ ಎಷ್ಟು?

ಬಿಟ್‌ಬಸವ: ಸುಮ್ನೆ ಒಮ್ಮೆ ಕಹಾನ್ ಹಾಕಿ ನೋಡಿ.

ಲಕ್ಷಕಣ: ಸಿಂಪ್ಲೆಕ್ಟಿಕ್ ಅಂದಮೇಲೆ ಶಕ್ತಿ ಉಳಿಯಲೇಬೇಕಲ್ವಾ? ನಾನು ಅದೇ ಜಾತಿಯ, ಇನ್ನೂ ನಿಖರವಾದ ನಾಲ್ಕನೇ ದರ್ಜೆಯ ಯೋಶಿದಾ ವಿಧಾನ ಬಳಸುತ್ತೇನೆ. ಜಿಪಿಯು ಮೇಲೆ ಲಕ್ಷ ಕಣ, ರಾತ್ರಿಯಿಡೀ ಓಡುತ್ತದೆ.

ನೋಥರ್‌ಅಭಿಮಾನಿ: ಉಳಿಯಬೇಕೆಂದಿಲ್ಲ. ಉಳಿಯುವುದು ಫೇಸ್ ಸ್ಪೇಸಿನ (ಜಾಗ, ಸಂವೇಗ ಎರಡೂ ಸೇರಿದ ಅವಕಾಶದ) ಎರಡು-ರೂಪ, ಅಂದರೆ ಅಲ್ಲಿನ ಒಂದು ಬಗೆಯ ವಿಸ್ತೀರ್ಣ. ಹಂತ ಬದಲಾಗದಿದ್ದರೆ ಪಕ್ಕದ ಒಂದು ನೆರಳು ಹ್ಯಾಮಿಲ್ಟೋನಿಯನ್ (ನಿಜವಾದ ಶಕ್ತಿಗೆ ಹತ್ತಿರದ ಇನ್ನೊಂದು ಶಕ್ತಿಸೂತ್ರ) ಹೆಚ್ಚುಕಡಿಮೆ ಉಳಿಯುತ್ತದೆ. ಅದಕ್ಕೇ ನಿಜವಾದ ಶಕ್ತಿ ಏರಿಳಿಯುತ್ತದೆ, ದೂರ ಓಡುವುದಿಲ್ಲ. ಸಿಂಪ್ಲೆಕ್ಟಿಕ್ ರಚನೆ, ನಿಖರ ಶಕ್ತಿ ಎರಡನ್ನೂ ಒಟ್ಟಿಗೆ ಹಿಡಿಯಲು ಸಾಮಾನ್ಯವಾಗಿ ಆಗದು ಅಂತ ಗಣಿತಜ್ಞರಾದ ಗೆ (Ge) ಮತ್ತು ಮಾರ್ಸ್‌ಡೆನ್ 1988ರಲ್ಲೇ ತೋರಿಸಿದ್ದಾರೆ.

ಲಕ್ಷಕಣ: ಹಾರ್ಮೋನಿಕ್ ಆಂದೋಲಕಕ್ಕೆ ಇಂಪ್ಲಿಸಿಟ್ ಮಿಡ್‌ಪಾಯಿಂಟ್ (ಪ್ರತಿ ಹಂತದಲ್ಲೂ ಸಮೀಕರಣ ಬಿಡಿಸಿ ಮುಂದೆ ಹೋಗುವ ವಿಧಾನ) ಹಾಕಿದರೆ ಎರಡೂ ಉಳಿಯುತ್ತವಲ್ಲ?

ನೋಥರ್‌ಅಭಿಮಾನಿ: ಅಲ್ಲಿ ಶಕ್ತಿ ಬರೀ ವರ್ಗಗಳ ಮೊತ್ತ. ಅದು ಬೇರೆ ಮಾತು. ಅಂಡಾಕಾರ ಅವರೇ, ಹಂತ?

ಅಂಡಾಕಾರ: ಎಲ್ಲರೂ ಮಾಡುವ ಹಾಗೇ. ಪ್ರತಿ ಹಂತದ ಶುರುವಿನಲ್ಲಿ ದೂರ ನೋಡಿ, ಅದಕ್ಕೆ ತಕ್ಕಷ್ಟು ಹಂತ ಇಡುತ್ತೇನೆ. ಅರೆ ದೀರ್ಘಾಕ್ಷ 1, ಹತ್ತಿರ ಬಂದಾಗ ದೂರ 0.1, ಆಚೆ ಹೋದಾಗ 1.9. ಒಂದೇ ಹಂತ ಸಾಕಾಗುತ್ತದೆಯೇ?

ನೋಥರ್‌ಅಭಿಮಾನಿ: ಇದನ್ನು ಮೊದಲೇ ಹೇಳಬಾರದಿತ್ತೇ ಮಾರಾಯರೇ! ಹಂತ ಜಾಗ ನೋಡಿ ಬದಲಾದರೆ, ಒಂದು ಸ್ಥಿತಿಯಿಂದ ಮುಂದಿನದಕ್ಕೆ ಒಯ್ಯುವ ಮ್ಯಾಪ್ ಸಿಂಪ್ಲೆಕ್ಟಿಕ್ ಆಗಿ ಉಳಿಯುವುದಿಲ್ಲ. ಶುರುವಿನ ದೂರ ಮಾತ್ರ ನೋಡುವುದರಿಂದ, ಹಿಂದಕ್ಕೆ ಓಡಿಸಿದರೆ ಬಂದ ದಾರಿಯೂ ಸಿಗುವುದಿಲ್ಲ. ಕೋನೀಯ ಸಂವೇಗ ಮಾತ್ರ ಎಂಥ ಹಂತಕ್ಕೂ ಜಗ್ಗದು. ಮೊದಲು ಹಂತ ಕಟ್ಟಿಹಾಕಿ ನೋಡಿ. ಬದಲಾಗಲೇಬೇಕು ಅಂದರೆ ಶಕ್ತಿಯಿಂದ ಅದರ ಆರಂಭದ ಬೆಲೆ ಕಳೆದು, ದೂರದಿಂದ ಗುಣಿಸಿ, ಅದನ್ನೇ ಹೊಸ ಹ್ಯಾಮಿಲ್ಟೋನಿಯನ್ ಮಾಡಿ. ಆಗ ಸಿಗುವ, ದೂರಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಹೊಸ ಕಾಲದಲ್ಲಿ ಹಂತ ಒಂದೇ. ಆದರೆ ಅದಕ್ಕೆ ಲೀಪ್‌ಫ್ರಾಗ್ ನೇರವಾಗಿ ಒಗ್ಗುವುದಿಲ್ಲ, ಇಂಪ್ಲಿಸಿಟ್ ವಿಧಾನ ಬೇಕು.

ಅಂಡಾಕಾರ: ಕಟ್ಟಿಹಾಕಿದೆ. ಹತ್ತಿರ ಬಂದಾಗ ಶಕ್ತಿ ಜಿಗಿದು ಮತ್ತೆ ಇಳಿಯುತ್ತದೆ, ಜಾರುತ್ತಿಲ್ಲ. ಆದರೆ ಈಗ ದೀರ್ಘವೃತ್ತವೇ ನಿಧಾನಕ್ಕೆ ತಿರುಗುತ್ತಿದೆ!

ನೋಥರ್‌ಅಭಿಮಾನಿ: ಅದು ಕೆಪ್ಲರ್‌ನ ಅಡಗಿದ ಸಮಮಿತಿ, ದೀರ್ಘವೃತ್ತ ಯಾವ ಕಡೆಗೆ ಚಾಚಿದೆ ಅಂತ ತೋರುವ ಲಾಪ್ಲಾಸ್-ರುಂಗೆ-ಲೆಂಟ್ಸ್ ವೆಕ್ಟರ್. ಲೀಪ್‌ಫ್ರಾಗ್ ಅದನ್ನು ಕಾಯುವುದಿಲ್ಲ. ಹಂತ ಅರ್ಧ ಮಾಡಿ, ತಿರುಗುವುದು ಸುಮಾರು ಕಾಲು ಭಾಗಕ್ಕೆ ಇಳಿಯಬೇಕು.

ಬಿಟ್‌ಬಸವ: ಅರ್ಧ ಮಾಡಿದರೆ ಕೂಡುವುದು ಜಾಸ್ತಿ, ದೋಷವೂ ಜಾಸ್ತಿ. ಕಹಾನ್ ಹಾಕಿ ಅಂದೆನಲ್ಲ.